ಕಸವೂ ರಸವೂ

ನಮ್ಮ ಶಾಲಾ ಕಾಲೇಜುಗಳ ವಾರ್ಷಿಕೋತ್ಸವಗಳಲ್ಲಿ ‘ಕಸದಿಂದ ರಸ’ ಎಂಬ ಸ್ಪರ್ಧೆ ಈಗ ರೂಢಿಯಾಗಿ ನಿಂತಿದೆ. ಹೆಸರೇನೋ ಕಿವಿಗೆ ಇಂಪಾಗಿದೆ. ಆದರೆ ರಸವೆಂಬುದು ಪ್ರಾಸದಷ್ಟು ಸುಲಭವಾಗಿ ಕೈಗೆ ಸಿಗುವ ವಸ್ತುವಲ್ಲ. ಇಂಥ ಸ್ಪರ್ಧೆಗಳಲ್ಲಿ ಹಲವು ಬಾರಿ ತೀರ್ಪುಗಾರನಾಗಿ ಕುಳಿತ ನನಗೆ ಕಂಡದ್ದು ಇಷ್ಟು: ಬಹುಮಾನ ಪಡೆಯುವ ಕೃತಿಗಳಲ್ಲಿ ಕಸದ ಗುರುತೇ ಉಳಿದಿರುವುದಿಲ್ಲ. ಸೀಸೆಗೆ ಚಿನ್ನದ ಬಣ್ಣ ಬಳಿದು ಹೂದಾನಿ ಮಾಡುತ್ತಾರೆ. ರಟ್ಟಿನ ಪೆಟ್ಟಿಗೆಗೆ ಮಿನುಗುವ ಕಾಗದ ಅಂಟಿಸಿ ಮಂಟಪ ಕಟ್ಟುತ್ತಾರೆ. ಹಳೆಯದು ಎಷ್ಟು ಚೆನ್ನಾಗಿ ಮರೆಯಾದರೆ ಅಷ್ಟು ಹೆಚ್ಚು ಅಂಕ. ಇದು ಮಿತವ್ಯಯದ ಪಾಠವಾಗಬಹುದು, ಕೈಚಳಕದ ಅಭ್ಯಾಸವೂ ಆಗಬಹುದು. ಕಲೆಯ ಪಾಠ ಮಾತ್ರ ಅಲ್ಲವೆಂಬುದು ನನ್ನ ಅಭಿಪ್ರಾಯ.

ಬಿಸಾಡಿದ ವಸ್ತುಗಳನ್ನು ಜೋಡಿಸಿ ಕೃತಿ ರಚಿಸುವ ಮಾರ್ಗಕ್ಕೆ ಪಶ್ಚಿಮದಲ್ಲಿ ‘ಅಸೆಂಬ್ಲೇಜ್’ ಎಂದು ಹೆಸರು. 1961ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಇದಕ್ಕಾಗಿಯೇ ಒಂದು ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತು. ಕೆಲಸವಾದರೋ ಅದಕ್ಕಿಂತ ಹಳೆಯದು. ಮೊದಲನೆಯ ಮಹಾಯುದ್ಧದಲ್ಲಿ ಸೋತು ಜರ್ಝರಿತವಾಗಿದ್ದ ಜರ್ಮನಿಯಲ್ಲಿ, 1919ರಲ್ಲಿ, ಕುರ್ಟ್ ಶ್ವಿಟರ್ಸ್ ಟ್ರಾಮಿನ ಚೀಟಿ, ಹರಿದ ಜಾಹೀರಾತು, ಮರದ ಚೂರುಗಳಿಂದ ಚಿತ್ರಗಳನ್ನು ಕಟ್ಟತೊಡಗಿದ. ತನ್ನ ಕಲೆಗೆ ಅವನಿಟ್ಟ ‘ಮೆರ್ತ್ಸ್’ ಎಂಬ ಹೆಸರೂ ಬ್ಯಾಂಕೊಂದರ ಜಾಹೀರಾತಿನಿಂದ ಕತ್ತರಿಸಿದ ತುಣುಕೇ. 1942ರಲ್ಲಿ ಪಿಕಾಸೊ ಸೈಕಲ್ಲಿನ ಸೀಟಿಗೆ ಅದರ ಹ್ಯಾಂಡಲನ್ನು ಕೋಡಿನಂತೆ ಜೋಡಿಸಿ ಗೂಳಿಯ ತಲೆಯನ್ನು ಮಾಡಿದ. ನೋಡಿದೊಡನೆ ಗೂಳಿ ಕಾಣುತ್ತದೆ. ಆದರೆ ಸೈಕಲ್ಲು ಕಣ್ಣಿನಿಂದ ಮರೆಯಾಗುವುದಿಲ್ಲ. ಅದು ಮರೆಯಾಗಿದ್ದರೆ ಉಳಿಯುತ್ತಿದ್ದುದು ಒಂದು ಸಾಧಾರಣವಾದ ಗೂಳಿಯ ಬೊಂಬೆ ಮಾತ್ರ.

ಈ ಮಾತು ಅಲಂಕಾರಶಾಸ್ತ್ರವನ್ನು ಓದಿದವರಿಗೆ ಹೊಸದಲ್ಲ. ವ್ಯಂಗ್ಯಾರ್ಥ ಹೊಳೆಯುವಾಗ ವಾಚ್ಯಾರ್ಥದ ಅರಿವು ಅಳಿಯುವುದಿಲ್ಲವೆಂಬುದನ್ನು ಆನಂದವರ್ಧನ ದೀಪ ಮತ್ತು ಗಡಿಗೆಯ ದೃಷ್ಟಾಂತದಿಂದ ವಿವರಿಸುತ್ತಾನೆ. ಗಡಿಗೆಯನ್ನು ತೋರಿಸುವ ದೀಪ ತಾನು ಆರಿಹೋಗುವುದಿಲ್ಲವಷ್ಟೆ. ಜೋಡಣೆಯ ಕಲೆಯಲ್ಲಿ ಹಳೆಯ ವಸ್ತುವೇ ದೀಪ. ಅದನ್ನು ಆರಿಸಿದ ಮೇಲೆ ಕಾಣುವುದೇನು?

ಈ ಕಲೆಯ ದೊಡ್ಡ ನಿದರ್ಶನ ನಮ್ಮ ದೇಶದಲ್ಲಿಯೇ ಇದೆ. ದೇಶವಿಭಜನೆಯಲ್ಲಿ ತನ್ನ ಊರನ್ನು ಕಳೆದುಕೊಂಡು ಬಂದ ನೇಕ್ ಚಂದ್, ಚಂಡೀಗಢದ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆಯ ಇನ್‌ಸ್ಪೆಕ್ಟರ್ ಆಗಿದ್ದರು. ಆ ಹೊಸ ನಗರ ಏಳುವುದಕ್ಕಾಗಿ ಹಲವಾರು ಹಳ್ಳಿಗಳು ನೆಲಸಮವಾದವು. ಅವುಗಳ ಅವಶೇಷಗಳನ್ನೂ, ಒಡೆದ ಬಳೆ, ಪಿಂಗಾಣಿಯ ಚೂರು, ಕಲ್ಲುಗಳನ್ನೂ ನೇಕ್ ಚಂದ್ ಕೆಲಸದ ಹೊತ್ತು ಮುಗಿದ ಮೇಲೆ ಹೊತ್ತು ತಂದು, ಸರ್ಕಾರಿ ಕಾಡಿನ ಮರೆಯಲ್ಲಿ ವರ್ಷಗಟ್ಟಲೆ ಗುಟ್ಟಾಗಿ ಒಂದು ಲೋಕವನ್ನೇ ಕಟ್ಟಿದರು. 1976ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. 1984ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಅಲ್ಲಿನ ಹೆಂಗಸರ ಪ್ರತಿಮೆಗಳ ಮೈತುಂಬ ಒಡೆದ ಬಳೆಗಳಿವೆ. ಅವು ಬಳೆಗಳೆಂದು ತಿಳಿಯುವುದರಿಂದಲೇ, ಅವನ್ನು ತೊಟ್ಟಿದ್ದ ಕೈಗಳು ನೋಡುವವನ ನೆನಪಿಗೆ ಬರುತ್ತವೆ. ಬಣ್ಣ ಬಳಿದು ಮುಚ್ಚಿದ್ದರೆ ಆ ಕೈಗಳು ಇನ್ನೊಮ್ಮೆ ಅಳಿದುಹೋಗುತ್ತಿದ್ದವು.

ಅಷ್ಟು ದೂರ ಹೋಗಲಾರದವರು ಉತ್ತರ ಕರ್ನಾಟಕದ ಕೌದಿಯನ್ನು ನೋಡಬಹುದು. ಅಜ್ಜಿಯ ಸೀರೆ, ಅಪ್ಪನ ಅಂಗಿ, ಮಗುವಿನ ಕುಲಾವಿ ಎಲ್ಲವೂ ಅದರಲ್ಲಿ ತುಂಡಾಗಿ ಸೇರಿದ್ದರೂ ಮನೆಯವರು ಒಂದೊಂದನ್ನೂ ಬೆರಳಿಟ್ಟು ಗುರುತಿಸಬಲ್ಲರು. ಅದರ ಬೆಚ್ಚಗೆ ಅರಿವೆಯದು ಮಾತ್ರವಲ್ಲ.

ಹಾಗಾದರೆ ತಿಪ್ಪೆಯೂ ಕಲೆಯೇ ಎಂದು ಯಾರಾದರೂ ಕೇಳಬಹುದು. ಅಲ್ಲ. ತಿಪ್ಪೆಯಲ್ಲಿ ರಾಶಿಯಿದೆ, ಔಚಿತ್ಯವಿಲ್ಲ. ಯಾವುದರ ಪಕ್ಕದಲ್ಲಿ ಯಾವುದು ನಿಲ್ಲಬೇಕೆಂದು ಅಲ್ಲಿ ಯಾರೂ ಯೋಚಿಸಿಲ್ಲ. ಐದು ನಿಮಿಷದಲ್ಲಿ ಕುಡಿದೆಸೆದ ಪ್ಲಾಸ್ಟಿಕ್ ಬಾಟಲಿಗೆ ಯಾವ ಪೂರ್ವಜನ್ಮವೆಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅದಕ್ಕೆ ನನ್ನ ಉತ್ತರ: ಆ ಐದೇ ನಿಮಿಷದ ಬಾಳೂ ನಮ್ಮ ಕಾಲದ ಕತೆಯೇ. ಬಾಟಲಿಯನ್ನು ಬಾಟಲಿಯಾಗಿಯೇ ಕಾಣಿಸಿದರೆ ಆ ಕತೆ ನಮ್ಮನ್ನು ಚುಚ್ಚುತ್ತದೆ. ಹೂದಾನಿಯಾಗಿಸಿದರೆ ಸಮಾಧಾನಪಡಿಸಿ ಮಲಗಿಸುತ್ತದೆ.

ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಸೂಚನೆ. ಸ್ಪರ್ಧೆ ನಡೆಯಲಿ, ಬಣ್ಣದ ಡಬ್ಬಿ ಮಾತ್ರ ಹೊರಗಿರಲಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನು ತಂದ ವಸ್ತು ಎಲ್ಲಿ ಸಿಕ್ಕಿತು, ಯಾರ ಕೈಯಲ್ಲಿ ಸವೆಯಿತು, ಏಕೆ ಬೇಡವಾಯಿತು ಎಂಬುದನ್ನು ನಾಲ್ಕು ವಾಕ್ಯಗಳಲ್ಲಿ ಬರೆದು ಕೃತಿಯ ಪಕ್ಕದಲ್ಲಿಡಲಿ. ಬೇಡವಾದದ್ದರ ಕಡೆಗೆ ಒಮ್ಮೆ ಹೀಗೆ ತಿರುಗಿ ನೋಡಲು ಕಲಿತವನು ಬೇಡವಾದವರ ಕಡೆಗೂ ನೋಡಿಯಾನು. ರಸ ಕಸವನ್ನು ಮರೆಸುವುದರಿಂದ ಹುಟ್ಟುವುದಲ್ಲ. ಅದು ಕಸವಾದುದು ಹೇಗೆಂದು ನೆನೆಯುವುದರಿಂದ ಹುಟ್ಟುವಂಥದು.