ಹೊಂಡ ತೋಡುವುದಕ್ಕೆ ಮುಂಚೆ ನಕ್ಷೆಯನ್ನು ನೋಡತಕ್ಕದ್ದು

ಹೊಲಗಳಲ್ಲಿ ಕೃಷಿಹೊಂಡವನ್ನಾಗಲಿ ಬದುವನ್ನಾಗಲಿ ಮಾಡಿಸುವಾಗ ನಾವು ಸಾಮಾನ್ಯವಾಗಿ ಪಹಣಿಯನ್ನು ನೋಡಿ, ಹೊಲವನ್ನು ಒಮ್ಮೆ ಸುತ್ತಿ, ಸ್ಥಳವನ್ನು ಗೊತ್ತುಮಾಡುವೆವು. ಇಷ್ಟು ಮಾತ್ರ ಸಾಲದೆಂಬುದು ನನ್ನ ಅಭಿಪ್ರಾಯ. ಕೆಲವು ವರ್ಷಗಳ ಹಿಂದೆ ನಾನೇ ಬೇಸಿಗೆಯಲ್ಲಿ ಗೊತ್ತುಮಾಡಿದ ಹೊಂಡವೊಂದು ಮೊದಲನೆಯ ದೊಡ್ಡ ಮಳೆಗೇ ಹೂಳಿನಿಂದ ತುಂಬಿಹೋಯಿತು. ಆ ಬಳಿಕ ನಕ್ಷೆಯನ್ನು ತೆಗೆದು ನೋಡಲಾಗಿ, ಉತ್ತು ಸಮಮಾಡಿದ್ದ ಆ ಸ್ಥಳದಲ್ಲಿ ಹಿಂದೆ ಹಳ್ಳವಿದ್ದ ಗುರುತು ಕಂಡುಬಂದಿತು. ನಷ್ಟವಾದುದು ರೈತನಿಗೆ, ತಪ್ಪು ನನ್ನದು.

ಈಗ ಇಂತಹ ತಪ್ಪಿಗೆ ನೆಪವಿಲ್ಲ. 1767ರಲ್ಲಿ ಸ್ಥಾಪಿತವಾದ ಭಾರತೀಯ ಸರ್ವೇಕ್ಷಣ ಇಲಾಖೆಯವರ 1:50,000 ಪ್ರಮಾಣದ ನಕ್ಷೆಗಳು ಗಣಕಯಂತ್ರದಲ್ಲಿಯೇ ದೊರೆಯುವುವು. ನಮ್ಮ ರಾಜ್ಯದ ದಿಶಾಂಕ್ ಎಂಬ ಸಾಧನವು ನಾವು ನಿಂತ ಜಾಗದ ಸರ್ವೆ ನಂಬರನ್ನು ಮೊಬೈಲಿನಲ್ಲಿ ತೋರಿಸುವುದು. ಇಸ್ರೋ ಸಂಸ್ಥೆಯವರ ಭುವನ್‌ನಲ್ಲಿ ಉಪಗ್ರಹದ ಚಿತ್ರಗಳುಂಟು. ಇವುಗಳನ್ನು ಹೊಂದಿಸಿ ನೋಡಿದರೆ, ನೀರು ಯಾವ ದಿಣ್ಣೆಯಿಂದ ಇಳಿದು, ಯಾರ ಹೊಲವನ್ನು ಹಾದು, ಯಾವ ಕೆರೆಗೆ ಸೇರುವುದೆಂಬುದು ಸ್ಥೂಲವಾಗಿ ತಿಳಿಯುವುದು. ಮೇಲಿನ ಹೊಲದ ಹೊಂಡದಿಂದ ಕೆಳಗಿನ ಕೆರೆಗೆ ನೀರು ತಪ್ಪಬಾರದಷ್ಟೆ.

ಆದರೆ ನಕ್ಷೆಯನ್ನೇ ನಂಬಿ ಕಛೇರಿಯಲ್ಲಿ ಕುಳಿತಿರತಕ್ಕದ್ದಲ್ಲ. ಈ ನಕ್ಷೆಗಳಲ್ಲಿ ಸಮೋನ್ನತ ರೇಖೆಗಳು ಸಾಮಾನ್ಯವಾಗಿ 20 ಮೀಟರು ಎತ್ತರಕ್ಕೆ ಒಂದರಂತೆ ಇರುವುವು. ಒಂದು ಹೊಲದ ಇಳಿಜಾರು ಎರಡು ರೇಖೆಗಳ ನಡುವೆಯೇ ಅಡಗಿಹೋಗಬಹುದು. 2000ನೆಯ ಇಸವಿಯ ಫೆಬ್ರವರಿಯಲ್ಲಿ ಅಂತರಿಕ್ಷದಿಂದ ಅಳೆದ, ಈಗಲೂ ಬಹಳವಾಗಿ ಬಳಕೆಯಲ್ಲಿರುವ ಎತ್ತರದ ಲೆಕ್ಕದಲ್ಲಿ ಒಂದೊಂದು ಚೌಕವೂ ಸುಮಾರು 30 ಮೀಟರಿನದು, ಎಂದರೆ ಸುಮಾರು 9 ಗುಂಟೆ. ಅಷ್ಟು ನೆಲಕ್ಕೆಲ್ಲಾ ಒಂದೇ ಎತ್ತರ! ದಟ್ಟವಾದ ತೋಟವಿದ್ದ ಕಡೆ ಮರಗಳ ಎತ್ತರವೂ ಅದರಲ್ಲಿ ಸ್ವಲ್ಪ ಸೇರಿರುವುದು. ಅನಂತರ ತೋಡಿದ ಕಾಲುವೆ, ಹಾಕಿದ ರಸ್ತೆಗಳು ಅದರಲ್ಲಿಲ್ಲ. ಆದುದರಿಂದ ಬದುವಿನ ಗೆರೆಯನ್ನು ಹೊಲದಲ್ಲಿಯೇ ಮಟ್ಟದ ಯಂತ್ರವಿಟ್ಟು ಎಳೆಯಬೇಕು.

ಇದಕ್ಕೆ ನನ್ನ ಸೂಚನೆಯಿಷ್ಟೆ. ಕೆಲಸವು ಮಂಜೂರಾಗುವುದಕ್ಕೆ ಮುಂಚೆ ಪ್ರತಿಯೊಂದು ಗ್ರಾಮಕ್ಕೂ ನೀರಿನ ದಾರಿಯ ನಕ್ಷೆಯೊಂದನ್ನು ಸಿದ್ಧಪಡಿಸಿ, ಅದನ್ನು ಗ್ರಾಮಸಭೆಯ ಮುಂದೆ ಹರಡಬೇಕು. ಹಳ್ಳವು ಎಲ್ಲಿ ಹರಿಯುತ್ತಿತ್ತು, ಯಾವ ವರ್ಷ ಯಾವ ಬದು ಒಡೆಯಿತು ಎಂಬುದನ್ನು ಊರಿನ ಹಿರಿಯರು ಬಲ್ಲರು. ಅವರು ಹೇಳಿದಂತೆ ನಕ್ಷೆಯನ್ನು ತಿದ್ದಿಕೊಳ್ಳಬೇಕು. ಬಳಿಕ ಮಳೆಗಾಲದಲ್ಲಿ ಒಂದು ದಿನವಾದರೂ, ಮಳೆ ಸುರಿಯುತ್ತಿರುವಾಗಲೇ, ನಕ್ಷೆಯನ್ನು ಹಿಡಿದು ನಡೆಯಬೇಕು. ಒಂದು ದಿನ ಬಟ್ಟೆ ನೆನೆದರೆ ನಮಗೇನೂ ನಷ್ಟವಿಲ್ಲ. ತಪ್ಪಾದ ಜಾಗದಲ್ಲಿ ತೋಡಿದ ಹೊಂಡವಾದರೋ ರೈತನ ನೆಲವನ್ನೂ ಹಣವನ್ನೂ, ನಮ್ಮ ಮಾತಿನಲ್ಲಿ ಅವನಿಗಿರುವ ನಂಬಿಕೆಯನ್ನೂ ಒಟ್ಟಿಗೆ ನುಂಗುವುದು.