ನಾಯಿಯ ಕೂದಲು ಉದುರಲು ಉಪ್ಪು, ಸಿಹಿ, ತುಪ್ಪ ಕಾರಣವೇ?

ಮನೆಯ ನಾಯಿ ಮೈ ಕೆರೆದುಕೊಳ್ಳಲು ಶುರು ಮಾಡಿದರೆ ಸಲಹೆಗಳಿಗೆ ಬರವಿಲ್ಲ. ಅನ್ನಕ್ಕೆ ಉಪ್ಪು ಹಾಕಿದ್ದೇ ತಪ್ಪು ಎನ್ನುತ್ತಾರೆ ಪಕ್ಕದ ಮನೆಯವರು. ಬಿಸ್ಕತ್ತು ತಿನ್ನಿಸಿ ಕಜ್ಜಿ ಬರಿಸಿದಿರಿ ಎನ್ನುತ್ತಾರೆ ಅಜ್ಜಿ. ಅಷ್ಟರಲ್ಲಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫಾರ್ವರ್ಡ್ ಬರುತ್ತದೆ: ದಿನಾ ಒಂದು ಹಸಿ ಮೊಟ್ಟೆ, ಎರಡು ಚಮಚ ತೆಂಗಿನೆಣ್ಣೆ, ಉಣ್ಣೆಗೆ ಬೆಳ್ಳುಳ್ಳಿ, ಕಜ್ಜಿಗೆ ಹಳೇ ಎಂಜಿನ್ ಆಯಿಲ್, ಹದಿನೈದು ದಿನದಲ್ಲಿ ಮೈ ಫಳಫಳ!

ಇವುಗಳಲ್ಲಿ ಕೆಲವು ನಿರುಪದ್ರವಿ ನಂಬಿಕೆಗಳು. ಕೆಲವು ನಾಯಿಯ ಪ್ರಾಣಕ್ಕೇ ಕುತ್ತು ತರುವಂಥವು. ಯಾವುದು ಯಾವುದೆಂದು ಒಂದೊಂದಾಗಿ ನೋಡೋಣ. ಅದಕ್ಕೂ ಮೊದಲು, ನಾಯಿಯ ಕೂದಲಿಗೂ ಊಟಕ್ಕೂ ಇರುವ ನಿಜವಾದ ನಂಟು ಏನೆಂದು ತಿಳಿದುಕೊಳ್ಳೋಣ.

ಕೂದಲು ಯಾವುದರಿಂದ ಆಗುತ್ತದೆ?

ನಾಯಿಯ ಕೂದಲಿನ ಬಹುಪಾಲು ಕೆರಾಟಿನ್ ಎಂಬ ಪ್ರೋಟೀನ್. ಮೈತುಂಬ ಕೂದಲಿರುವ ಪ್ರಾಣಿ ಅದನ್ನು ಬೆಳೆಸಲು, ಸವೆದ ಚರ್ಮವನ್ನು ಹೊಸದಾಗಿಸಲು ದಿನವೂ ತಿನ್ನುವ ಪ್ರೋಟೀನ್‌ನ ಕಾಲು ಭಾಗಕ್ಕೂ ಹೆಚ್ಚನ್ನು ಬಳಸುತ್ತದೆ ಎಂಬುದು ಪಶುವೈದ್ಯರ ಅಂದಾಜು. ಊಟದಲ್ಲಿ ಪ್ರೋಟೀನ್ ಕಡಿಮೆಯಾದರೆ ದೇಹ ಮೊದಲು ಹೃದಯ, ಸ್ನಾಯು, ರಕ್ತದ ಕಡೆ ಗಮನ ಕೊಡುತ್ತದೆ. ಕೂದಲಿನ ಸರದಿ ಕೊನೆಗೆ. ಹಾಗಾಗಿ ಪೋಷಣೆಯ ಕೊರತೆ ಬಹಳ ಬೇಗ ಕಣ್ಣಿಗೆ ಬೀಳುವುದು ಮೈಮೇಲೆಯೇ. ಕೂದಲು ಒರಟಾಗುತ್ತದೆ, ಹೊಳಪು ಹೋಗುತ್ತದೆ, ಹೊಟ್ಟು ಏಳುತ್ತದೆ.

ಎರಡನೆಯದು ಕೊಬ್ಬು. ಲಿನೋಲಿಯಿಕ್ ಆಮ್ಲ ಎಂಬ ಒಮೆಗಾ-6 ಕೊಬ್ಬನ್ನು ನಾಯಿಯ ದೇಹ ತಾನಾಗಿ ತಯಾರಿಸಲಾರದು. ಅದು ಊಟದಿಂದಲೇ ಬರಬೇಕು. ಇಟ್ಟಿಗೆಗಳ ನಡುವಿನ ಗಾರೆಯಂತೆ ಇದು ಚರ್ಮದ ಪದರಗಳನ್ನು ಹಿಡಿದಿಟ್ಟು, ಒಳಗಿನ ನೀರು ಆರಿಹೋಗದಂತೆ ತಡೆಯುತ್ತದೆ. ಮೂರನೆಯದು ಸತು, ತಾಮ್ರದಂಥ ಖನಿಜಗಳು ಮತ್ತು ಬಿ ಗುಂಪಿನ ವಿಟಮಿನ್‌ಗಳು.

ಉಪ್ಪು ಹಾಕಿದರೆ ಕೂದಲು ಉದುರುತ್ತದೆಯೇ?

ಇಲ್ಲ. ಉಪ್ಪಿನಲ್ಲಿರುವ ಸೋಡಿಯಂ ನಾಯಿಗೂ ಬೇಕೇ ಬೇಕಾದ ಪೋಷಕಾಂಶ. ಅಂಗಡಿಯಲ್ಲಿ ಸಿಗುವ ನಾಯಿ ಆಹಾರದಲ್ಲೂ ಉಪ್ಪು ಇರುತ್ತದೆ. ಹಾಗೆಂದು ಹಪ್ಪಳ, ಉಪ್ಪಿನಕಾಯಿ, ಚಿಪ್ಸ್ ಕೊಡಬಹುದೆಂದಲ್ಲ. ಒಮ್ಮೆಲೇ ತುಂಬಾ ಉಪ್ಪು ಹೊಟ್ಟೆಗೆ ಹೋದರೆ ವಾಂತಿ, ನಡುಕ, ಇನ್ನೂ ಹೆಚ್ಚಾದರೆ ಫಿಟ್ಸ್ ಬರಬಹುದು. ಆದರೆ ಅದು ಕೂದಲಿನ ಸಮಸ್ಯೆಯಲ್ಲ.

ಸಿಹಿ ತಿಂದರೆ ಕಜ್ಜಿ ಬರುತ್ತದೆಯೇ?

ಇದೂ ಇಲ್ಲ. ಕಜ್ಜಿ ಬರುವುದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳಿಂದ. ಸಾರ್ಕಾಪ್ಟಿಸ್ ಎಂಬ ನುಸಿ ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆ ಇಡುತ್ತದೆ, ತುರಿಕೆ ವಿಪರೀತ. ಇದು ನಾಯಿಯಿಂದ ನಾಯಿಗೆ ಹರಡುತ್ತದೆ, ಅದನ್ನು ಎತ್ತಿ ಮುದ್ದಾಡುವ ಮಕ್ಕಳ ಮೈಮೇಲೂ ಸ್ವಲ್ಪ ಕಾಲ ಕೆಂಪು ಗುಳ್ಳೆ, ತುರಿಕೆ ತರಬಲ್ಲದು. ಡೆಮೊಡೆಕ್ಸ್ ಎಂಬ ಇನ್ನೊಂದು ನುಸಿ ಆರೋಗ್ಯವಂತ ನಾಯಿಯ ಕೂದಲಿನ ಬುಡದಲ್ಲೂ ಇರುತ್ತದೆ; ಮರಿಗಳಲ್ಲಿ, ನಿತ್ರಾಣಗೊಂಡ ನಾಯಿಗಳಲ್ಲಿ ಅದರ ಸಂಖ್ಯೆ ಹೆಚ್ಚಿ ಕೂದಲು ಉದುರುತ್ತದೆ. ಬೆಲ್ಲ, ಸಕ್ಕರೆಯಿಂದ ಈ ನುಸಿಗಳು ಹುಟ್ಟುವುದಿಲ್ಲ. ಸಿಹಿಯಿಂದ ಆಗುವ ತೊಂದರೆ ಬೊಜ್ಜು ಮತ್ತು ಹಲ್ಲಿನ ಹುಳುಕು. ದ್ರಾಕ್ಷಿ ಹಾಕಿದ ಪಾಯಸ, ಚಾಕೊಲೇಟ್, ಜೈಲಿಟಾಲ್ ಹಾಕಿದ ಸಕ್ಕರೆರಹಿತ ತಿನಿಸುಗಳನ್ನಂತೂ ಕೊಡಲೇಬಾರದು. ಅವು ನಾಯಿಗೆ ವಿಷ.

ನಾಯಿಗೆ ತುಪ್ಪ ದಕ್ಕುವುದಿಲ್ಲವೇ?

ಮಾತಿಗೆ ಹಾಗೆನ್ನುತ್ತೇವೆ. ವಾಸ್ತವದಲ್ಲಿ ನಾಯಿಗಳು ಕೊಬ್ಬನ್ನು ಚೆನ್ನಾಗಿಯೇ ಅರಗಿಸಿಕೊಳ್ಳುತ್ತವೆ. ಅನ್ನಕ್ಕೆ ಬಿದ್ದ ಅರ್ಧ ಚಮಚ ತುಪ್ಪದಿಂದ ಕೂದಲು ಉದುರುವುದಿಲ್ಲ. ಆದರೆ ಹಬ್ಬದ ದಿನ ಉಳಿದ ಹೋಳಿಗೆ-ತುಪ್ಪ, ಮಾಂಸದ ಕೊಬ್ಬು ಎಲ್ಲವನ್ನೂ ಒಂದೇ ಸಲ ಸುರಿದರೆ ಕೆಲವು ನಾಯಿಗಳಲ್ಲಿ ಮೇದೋಜೀರಕ ಗ್ರಂಥಿ ಊದಿಕೊಂಡು ತೀವ್ರ ಹೊಟ್ಟೆನೋವು, ವಾಂತಿ ಆಗಬಹುದು. ಇದಕ್ಕೆ ಆಸ್ಪತ್ರೆಯೇ ಬೇಕಾಗುತ್ತದೆ.

ತೆಂಗಿನೆಣ್ಣೆ ತಿನ್ನಿಸಿದರೆ ಮೈ ಹೊಳೆಯುತ್ತದೆಯೇ?

ತೆಂಗಿನೆಣ್ಣೆಯನ್ನು ನಾವು ತಲೆಗೆ ಹಚ್ಚಿಕೊಂಡು ಬೆಳೆದವರು. ಹಾಗಾಗಿ ಈ ಸಲಹೆ ಸಹಜವಾಗಿ ನಂಬಿಕೆ ಹುಟ್ಟಿಸುತ್ತದೆ. ಆದರೆ ನಾಯಿಯ ಚರ್ಮ ಬೇಡುವ ಲಿನೋಲಿಯಿಕ್ ಆಮ್ಲ ತೆಂಗಿನೆಣ್ಣೆಯಲ್ಲಿ ಶೇ. 2ರ ಆಸುಪಾಸು ಮಾತ್ರ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಸುಮಾರು ಶೇ. 60, ಉತ್ತರ ಕರ್ನಾಟಕದ ಮನೆಗಳಲ್ಲಿ ಬಳಸುವ ಕುಸುಬೆ ಎಣ್ಣೆಯಲ್ಲಿ ಇನ್ನೂ ಹೆಚ್ಚು.

ಲೆಕ್ಕ ಹಾಕೋಣ. 20 ಕಿಲೋ ತೂಕದ ನಾಯಿ ದಿನಕ್ಕೆ ನೀರಿನಂಶ ಬಿಟ್ಟು ಸುಮಾರು 250 ಗ್ರಾಂ ಆಹಾರ ತಿನ್ನುತ್ತದೆ ಎಂದುಕೊಳ್ಳಿ. ನಾಯಿ ಆಹಾರಕ್ಕೆ ಅಮೆರಿಕದ ಎಎಎಫ್‌ಸಿಓ ಎಂಬ ಸಂಸ್ಥೆ ನಿಗದಿ ಮಾಡಿರುವ ಪ್ರಮಾಣ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಅದರ ಪ್ರಕಾರ ಇದರಲ್ಲಿ ಕನಿಷ್ಠ ಶೇ. 1.1, ಅಂದರೆ ಸುಮಾರು 2.75 ಗ್ರಾಂ ಲಿನೋಲಿಯಿಕ್ ಆಮ್ಲ ಇರಬೇಕು. ಒಂದು ಟೀ ಚಮಚ ಸೂರ್ಯಕಾಂತಿ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅಷ್ಟೂ ಸಿಗುತ್ತದೆ. ತೆಂಗಿನೆಣ್ಣೆಯಿಂದಲೇ ಪಡೆಯಬೇಕಾದರೆ ಮೂವತ್ತು ಚಮಚ ಬೇಕು! ಹೊರಗಿನಿಂದ ಹಚ್ಚಿದರೆ ಒಣ ಮೂಗು, ಪಾದಕ್ಕೆ ಕೊಂಚ ಮೆದು ಬರಬಹುದು. ಆದರೆ ಅದರಲ್ಲಿ ಕರ್ಪೂರ ಕರಗಿಸಿ ಹಚ್ಚಬೇಡಿ. ನಾಯಿ ಮೈ ನೆಕ್ಕುತ್ತದೆ. ಕರ್ಪೂರ ಅದಕ್ಕೆ ವಿಷ.

ಹಸಿ ಮೊಟ್ಟೆ ಒಳ್ಳೆಯದೇ?

ಮೊಟ್ಟೆ ಒಳ್ಳೆಯದು, ಹಸಿಯಾಗಿ ಬೇಡ. ಹಸಿ ಬಿಳಿಭಾಗದಲ್ಲಿ ಅವಿಡಿನ್ ಎಂಬ ಪ್ರೋಟೀನ್ ಇದೆ. ಅದು ಬಯೋಟಿನ್ ಎಂಬ ವಿಟಮಿನ್ನನ್ನು ಕರುಳಿನಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ದೇಹಕ್ಕೆ ಸೇರದಂತೆ ಮಾಡುತ್ತದೆ. ಬಯೋಟಿನ್‌ಗೆ ಮೊದಲು ಇದ್ದ ಹೆಸರು ವಿಟಮಿನ್ ಎಚ್. ಜರ್ಮನ್ ಭಾಷೆಯಲ್ಲಿ ಚರ್ಮಕ್ಕೆ ‘ಹೌಟ್’ ಎನ್ನುತ್ತಾರೆ, ಆ ‘ಎಚ್’ ಬಂದದ್ದು ಅಲ್ಲಿಂದ. ಅಂದರೆ ಚರ್ಮ ಚೆನ್ನಾಗಿರಲೆಂದು ಕೊಡುವ ಹಸಿ ಬಿಳಿಭಾಗ ಚರ್ಮದ ವಿಟಮಿನ್ನನ್ನೇ ಕಸಿಯುತ್ತದೆ. ಅಪರೂಪಕ್ಕೆ ಒಂದು ಹಸಿ ಮೊಟ್ಟೆ ತಿಂದರೆ ಏನೂ ಆಗದು. ತಿಂಗಳುಗಟ್ಟಲೆ ಬರೀ ಹಸಿ ಬಿಳಿಭಾಗ ತಿನ್ನಿಸಿದರೆ ತೊಂದರೆ. ಹಸಿ ಮೊಟ್ಟೆಯಿಂದ ಸಾಲ್ಮೊನೆಲ್ಲಾ ಸೋಂಕಿನ ಅಪಾಯ ಬೇರೆ. ಬೇಯಿಸಿದರೆ ಎರಡೂ ಸಮಸ್ಯೆ ಮುಗಿಯಿತು.

ರಾಗಿ ಮುದ್ದೆ, ಹಾಲನ್ನ ಸಾಕೇ?

ನಮ್ಮಲ್ಲಿ ಬಹಳಷ್ಟು ನಾಯಿಗಳು ಬದುಕಿರುವುದೇ ಇದರ ಮೇಲೆ. ನಾಯಿ ಮಾಂಸಾಹಾರಿ, ಅದಕ್ಕೆ ಧಾನ್ಯ ಅರಗದು ಎಂಬ ಫಾರ್ವರ್ಡ್ ಕೂಡ ಇದೆ, ಅದು ಸುಳ್ಳು. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ತಂಡ 2013ರಲ್ಲಿ ತೋರಿಸಿದಂತೆ, ಪಿಷ್ಟವನ್ನು ಅರಗಿಸುವ ಕಿಣ್ವದ ಜೀನ್‌ಗಳು ತೋಳಗಳಿಗಿಂತ ನಾಯಿಗಳಲ್ಲಿ ಬಹಳ ಹೆಚ್ಚಿವೆ. ಮನುಷ್ಯರ ಜೊತೆ ಬಾಳುತ್ತಾ ನಾಯಿಗಳು ನಮ್ಮ ಊಟಕ್ಕೆ ಒಗ್ಗಿಕೊಂಡಿವೆ.

ಸಮಸ್ಯೆ ಇರುವುದು ಬೇರೆ ಕಡೆ. ವಯಸ್ಕ ನಾಯಿಯ ಆಹಾರದಲ್ಲಿ, ನೀರಿನಂಶ ಬಿಟ್ಟು, ಕನಿಷ್ಠ ಶೇ. 18 ಪ್ರೋಟೀನ್ ಇರಬೇಕು. ರಾಗಿಯಲ್ಲೂ ಅಕ್ಕಿಯಲ್ಲೂ ಇರುವುದು ಶೇ. 7-8ರಷ್ಟು. ಅಂದರೆ ನಮ್ಮ 20 ಕಿಲೋ ನಾಯಿಗೆ ದಿನಕ್ಕೆ 45 ಗ್ರಾಂ ಬೇಕಿದ್ದಲ್ಲಿ ಸಿಗುವುದು 20 ಗ್ರಾಂ. ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ರಾಗಿಯಲ್ಲಿ ಫೈಟೇಟ್ ಎಂಬ ಅಂಶವೂ ಕ್ಯಾಲ್ಸಿಯಂ ಕೂಡ ಹೆಚ್ಚು. ಇವೆರಡೂ ಕರುಳಿನಲ್ಲಿ ಸತುವಿಗೆ ಅಡ್ಡಬರುತ್ತವೆ. ಸತು ಕಡಿಮೆಯಾದ ನಾಯಿಯ ಕಣ್ಣು, ಬಾಯಿಯ ಸುತ್ತ ಮತ್ತು ಪಾದದ ಮೇಲೆ ಚರ್ಮ ದಪ್ಪಗಾಗಿ ಹಕ್ಕಳೆ ಕಟ್ಟುತ್ತದೆ. ಸೈಬೀರಿಯನ್ ಹಸ್ಕಿ, ಮ್ಯಾಲಮ್ಯೂಟ್ ತಳಿಗಳಲ್ಲಿ ಸತುವನ್ನು ಹೀರಿಕೊಳ್ಳುವ ಶಕ್ತಿಯೇ ಹುಟ್ಟಿನಿಂದ ಕಡಿಮೆ ಇರಬಹುದು. ಬೆಂಗಳೂರಿನಲ್ಲಿ ಹಸ್ಕಿ ಸಾಕಿದವರು ಇದನ್ನು ನೆನಪಿಡಬೇಕು. ರಾಗಿ ಕೆಟ್ಟದ್ದಲ್ಲ. ರಾಗಿಯೊಂದೇ ಸಾಲದು, ಅಷ್ಟೇ.

ಹಾಗಾದರೆ ತಟ್ಟೆಯಲ್ಲಿ ಏನಿರಬೇಕು?

ಮುದ್ದೆ ಅಥವಾ ಅನ್ನದ ಪ್ರಮಾಣ ಕಡಿಮೆ ಮಾಡಿ, ಆ ಜಾಗಕ್ಕೆ ಬೇಯಿಸಿದ ಮೊಟ್ಟೆ, ಕೋಳಿ ಅಥವಾ ಮೀನು ಸೇರಿಸಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಬೇಯಿಸಿದ 100 ಗ್ರಾಂ ಕೋಳಿ ಮಾಂಸದಲ್ಲಿ 25 ಗ್ರಾಂಗೂ ಹೆಚ್ಚು ಪ್ರೋಟೀನ್ ಇದೆ. ಬೇಯಿಸಿದ ಮೂಳೆ ಕೊಡಬೇಡಿ. ಅದು ಸೀಳಿ ಚೂಪಾಗಿ ಕರುಳಿಗೆ ಚುಚ್ಚುತ್ತದೆ.

ಕರಾವಳಿಯವರಿಗೆ ಬೂತಾಯಿ, ಬಂಗುಡೆ ಸುಲಭವಾಗಿ ಸಿಗುತ್ತವೆ. ಇವುಗಳಲ್ಲಿರುವ ಒಮೆಗಾ-3 ಚರ್ಮದ ಉರಿ, ತುರಿಕೆಯನ್ನು ಸ್ವಲ್ಪ ತಗ್ಗಿಸಬಲ್ಲದು. ಖಾರ-ಮಸಾಲೆ ಇಲ್ಲದೆ ಬೇಯಿಸಿ ಮುಳ್ಳು ತೆಗೆದು ಕೊಡಿ. ಅಗಸೆ ಬೀಜದಲ್ಲೂ ಒಮೆಗಾ-3 ಇದೆ. ಆದರೆ ಅದು ಬೇರೆ ಬಗೆಯದು, ನಾಯಿಯ ದೇಹ ಅದರಲ್ಲಿ ಅಲ್ಪ ಭಾಗವನ್ನಷ್ಟೇ ಬೇಕಾದ ರೂಪಕ್ಕೆ ಬದಲಿಸಿಕೊಳ್ಳಬಲ್ಲದು. ಮೀನೆಣ್ಣೆ ಎಂದು ಕಾಡ್ ಲಿವರ್ ಆಯಿಲ್ ಸುರಿಯಬೇಡಿ. ಅದರಲ್ಲಿ ವಿಟಮಿನ್ ಎ ಮತ್ತು ಡಿ ಹೆಚ್ಚಿದ್ದು, ಮಿತಿಮೀರಿದರೆ ಅಪಾಯ.

ಮನೆಯಲ್ಲಿ ಮಾಂಸ, ಮೊಟ್ಟೆ ಬಳಸದವರಿಗೆ ಸರಳ ದಾರಿಯೆಂದರೆ, ‘ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್’ ಎಂದು ಪೊಟ್ಟಣದ ಮೇಲೆ ಬರೆದಿರುವ ಸಿದ್ಧ ಆಹಾರ. ಅದನ್ನು ಕೊಡುತ್ತಿದ್ದರೆ ಮೇಲಿಂದ ಮೇಲೆ ವಿಟಮಿನ್ ಟಾನಿಕ್ ಅಗತ್ಯ ಬೀಳುವುದಿಲ್ಲ. ಮನೆಯೂಟವೇ ಆದರೆ ಖನಿಜಗಳ ಕೊರತೆ ತುಂಬಲು ಏನು ಬೇಕೆಂದು ಪಶುವೈದ್ಯರನ್ನು ಒಮ್ಮೆ ಕೇಳಿ. ಈರುಳ್ಳಿ ಹಾಕಿದ ಸಾರು, ಹುಳಿ, ಕೋಳಿ ಪಲ್ಯದ ಗ್ರೇವಿ ಕಲಸಬೇಡಿ. ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೆಳ್ಳುಳ್ಳಿ ತಿನ್ನಿಸಿದರೆ ಉಣ್ಣೆ ಹತ್ತುವುದಿಲ್ಲ ಎಂಬ ಫಾರ್ವರ್ಡ್ ಅಪಾಯಕಾರಿಯಾಗುವುದು ಇದೇ ಕಾರಣಕ್ಕೆ. ಉಣ್ಣೆ ಜ್ವರ ಬಂದ ನಾಯಿಗೆ ಮೊದಲೇ ರಕ್ತ ಕಡಿಮೆ.

ಮತ್ತೆ, ಹದಿನೈದು ದಿನದ ಪವಾಡ ನಿರೀಕ್ಷಿಸಬೇಡಿ. ನಾಯಿಯ ಹೊರಚರ್ಮ ಪೂರ್ತಿ ಹೊಸದಾಗಲು ಸುಮಾರು ಮೂರು ವಾರ ಬೇಕು. ಆಹಾರ ಬದಲಿಸಿದ ಫಲ ಕೂದಲಿನಲ್ಲಿ ಕಾಣಲು ಒಂದೂವರೆಯಿಂದ ಎರಡು ತಿಂಗಳು ಹಿಡಿಯುತ್ತದೆ.

ಊಟ ಸರಿಯಿದ್ದರೂ ತುರಿಕೆ ನಿಲ್ಲದಿದ್ದರೆ?

ಆಗ ಕಾರಣ ತಟ್ಟೆಯಲ್ಲಿಲ್ಲ. ಉಣ್ಣೆ, ಚಿಗಟ, ಕಜ್ಜಿಯ ನುಸಿ, ಶಿಲೀಂಧ್ರ, ಥೈರಾಯ್ಡ್ ಕೊರತೆ, ಅಲರ್ಜಿ ಇವುಗಳಲ್ಲಿ ಯಾವುದೂ ಇರಬಹುದು. ಕೆಲವು ನಾಯಿಗಳಿಗೆ ಆಹಾರದ ಅಲರ್ಜಿಯೂ ಇರುತ್ತದೆ. ಸುಮಾರು 300 ಅಲರ್ಜಿ ನಾಯಿಗಳ ವರದಿಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ದನದ ಮಾಂಸ ಶೇ. 34, ಹಾಲಿನ ಪದಾರ್ಥ ಶೇ. 17, ಕೋಳಿ ಶೇ. 15, ಗೋಧಿ ಶೇ. 13ರಷ್ಟು ನಾಯಿಗಳಿಗೆ ಆಗಿಬರಲಿಲ್ಲ. ಇದನ್ನು ಪತ್ತೆ ಮಾಡಲು ವೈದ್ಯರು ನಾಯಿ ಹಿಂದೆಂದೂ ತಿನ್ನದ ಆಹಾರವನ್ನಷ್ಟೇ ಸುಮಾರು ಎಂಟು ವಾರ ಕೊಟ್ಟು ನೋಡುತ್ತಾರೆ. ನಡುವೆ ಒಂದು ಬಿಸ್ಕತ್ತು ಕೊಟ್ಟರೂ ಪರೀಕ್ಷೆ ಕೆಟ್ಟಂತೆ.

ಇನ್ನು ಹಳೇ ಎಂಜಿನ್ ಆಯಿಲ್. ಕಜ್ಜಿ ಹತ್ತಿದ ಬೀದಿ ನಾಯಿಗಳಿಗೆ ಕರುಣೆಯಿಂದಲೇ ಇದನ್ನು ಬಳಿಯುವವರಿದ್ದಾರೆ. ಅದರಲ್ಲಿ ಲೋಹದ ಅಂಶಗಳು, ವಿಷಕಾರಿ ರಾಸಾಯನಿಕಗಳು ಇರುತ್ತವೆ. ಕೆರೆದು ಗಾಯವಾದ ಚರ್ಮ ಅದನ್ನು ಹೀರುತ್ತದೆ, ನಾಯಿ ಅದನ್ನು ನೆಕ್ಕಿ ನುಂಗುತ್ತದೆ. ಸೀಮೆಎಣ್ಣೆ, ಫಿನಾಯಿಲ್ ಕೂಡ ಹಾಗೆಯೇ. ದನಕ್ಕೆಂದು ತಂದ ಉಣ್ಣೆ ಔಷಧಿಯನ್ನು ಅಂದಾಜಿನಲ್ಲಿ ಬಳಿಯುವುದು, ಐವರ್ಮೆಕ್ಟಿನ್ ಮಾತ್ರೆಯನ್ನು ಫಾರ್ವರ್ಡ್ ನೋಡಿ ನುಂಗಿಸುವುದು ಇನ್ನೂ ಅಪಾಯ. ಕೋಲಿಯಂಥ ಕೆಲವು ತಳಿಗಳಲ್ಲಿ ಜೀನ್ ದೋಷದಿಂದ ಐವರ್ಮೆಕ್ಟಿನ್ ಮಿದುಳಿಗೆ ನುಗ್ಗಿ ನಾಯಿ ಸಾಯಬಹುದು.

ವಿಚಿತ್ರವೆಂದರೆ, ಕಜ್ಜಿ ಗುಣವಾಗದ ಕಾಯಿಲೆಯೇನಲ್ಲ. ಪಶುವೈದ್ಯರು ಚರ್ಮವನ್ನು ಬ್ಲೇಡಿನಿಂದ ತುಸು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಯಾವ ನುಸಿ ಎಂದು ತಿಳಿದರೆ ಅದಕ್ಕೆ ತಕ್ಕ ಔಷಧಿ ಇದೆ. ಸರ್ಕಾರಿ ಪಶು ಆಸ್ಪತ್ರೆಗಳಲ್ಲೂ ನಾಯಿಗಳನ್ನು ನೋಡುತ್ತಾರೆ. ವೃತ್ತಾಕಾರದಲ್ಲಿ ಕೂದಲು ಉದುರಿದ್ದರೆ, ಹುಣ್ಣಾಗಿ ವಾಸನೆ ಬರುತ್ತಿದ್ದರೆ, ನಾಯಿ ಊಟ ಬಿಟ್ಟಿದ್ದರೆ, ಅಥವಾ ಮನೆಯವರಿಗೂ ತುರಿಕೆ ಶುರುವಾಗಿದ್ದರೆ ಆಹಾರ ಬದಲಿಸುತ್ತಾ ದಿನ ಕಳೆಯಬೇಡಿ.

ಆದ್ದರಿಂದ ನಮ್ಮ ಮನವಿ ಇಷ್ಟೆ. ಉಪ್ಪು, ಸಿಹಿಯ ಮಾತು ನಂಬಿದರೆ ನಾಯಿಗೆ ದೊಡ್ಡ ನಷ್ಟವಿಲ್ಲ. ಸಪ್ಪೆ ಅನ್ನ ತಿಂದುಕೊಂಡಿರುತ್ತದೆ. ಆದರೆ ಬೆಳ್ಳುಳ್ಳಿ, ಕರ್ಪೂರ, ಎಂಜಿನ್ ಆಯಿಲ್, ಐವರ್ಮೆಕ್ಟಿನ್ ಇರುವ ಫಾರ್ವರ್ಡ್ ನಿಮ್ಮ ಫೋನಿಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ಏನಾಯಿತೆಂದು ಹೇಳಲು ನಾಯಿಗೆ ಬಾಯಿ ಬಾರದು.