ಚಿಕ್ಕಮ್ಮ, ಹೋಳಿಗೆ ಮತ್ತು ಟೇಪು

ಮೊನ್ನೆ ಅಜ್ಜಂಪುರದಲ್ಲಿ ಮದುವೆ. ಪಂಕ್ತಿಯಲ್ಲಿ ಕೂತಿದ್ದಾಗ ಕಡೂರಿನ ಚಿಕ್ಕಮ್ಮ "ಏನೋ, ಮತ್ತೆ ಊದ್ಕೊಂಡಿದೀಯಾ! ಬಾಯಿಗೆ ಬೀಗ ಹಾಕೋಕಾಗಲ್ವಾ?" ಅಂದ್ರು. ಹೋದ ವರ್ಷ ರಾತ್ರಿ ಊಟ ಬಿಟ್ಟು ಎಂಟು ಕೆ.ಜಿ. ಇಳಿಸಿದ್ದೆ, ಆರು ವಾಪಸ್ ಬಂದಿದೆ. ಹೋಳಿಗೆ ಎಲೆ ಮೇಲೇ ಉಳೀತು..

ಎಲ್ಲಾ ಬಾಯಿಚಪಲ ಅನ್ನೋದನ್ನ ನಾನು ಒಪ್ಪಲ್ಲ. ತೂಕ ಇಳಿದರೆ ಕೊಬ್ಬಿನಿಂದ ಬರೋ ಲೆಪ್ಟಿನ್ ಹಾರ್ಮೋನು ಕಡಿಮೆಯಾಗುತ್ತೆ. ಮಿದುಳು ಅದನ್ನ ಬರಗಾಲ ಅಂದ್ಕೊಂಡು ಹಸಿವು ಹೆಚ್ಚಿಸುತ್ತೆ, ಮೈ ಖರ್ಚು ಮಾಡೋ ಶಕ್ತಿಯನ್ನ ಕಡಿತ ಮಾಡುತ್ತೆ. ಕಡೂರು ಸೀಮೆಯವರಿಗೆ ಬರಗಾಲದ ಲೆಕ್ಕಾಚಾರ ಬಿಡಿಸಿ ಹೇಳಬೇಕಾ?

ಅಲ್ಲೇ ಪಕ್ಕದಲ್ಲಿ ನಗ್ತಾ ಕೂತಿದ್ದ ತರೀಕೆರೆ ಮಾವ ಕಡ್ಡಿಯಂಥ ಕೈಕಾಲಿನ ಮನುಷ್ಯ. ಶುಗರ್ ಇರೋದು ಮಾತ್ರ ಅವರಿಗೆ! ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿದ್ರು. ಇಬ್ಬರ ಬಿಎಂಐ 22.3. ಮೈಕೊಬ್ಬು ಯುಡ್ಕಿನ್‌ಗೆ ಶೇ. 9.1, ನಮ್ಮ ಯಾಜ್ಞಿಕ್‌ಗೆ ಶೇ. 21.2! ಅದಕ್ಕೇ ತಕ್ಕಡಿ ಒಂದನ್ನೇ ನಂಬಬೇಡಿ, ಹೊಟ್ಟೆಗೆ ಟೇಪು ಸುತ್ತಿ. ಭಾರತದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಿದ್ರೆ ಎಚ್ಚರ. ಮಾವನದು 96 ಬಂತು. ತೋಟಕ್ಕೂ ಬೈಕಲ್ಲೇ ಹೋಗ್ತಾರೆ ಬಿಡಿ.

ತೂಕದಲ್ಲಿ ನೂರಕ್ಕೆ ಐದು ಪಾಲು ಇಳಿದರೂ ಬಿಪಿ, ಶುಗರ್‌ಗೆ ಅನುಕೂಲವೇ. ಹಾಗಾಗಿ ಈ ಸಲ ಉಪವಾಸ ಇಲ್ಲ. ಎರಡು ಮುದ್ದೆ ಒಂದಾಗಿದೆ, ಸೊಪ್ಪು-ಕಾಳು ಜಾಸ್ತಿ, ದಿನಾ ಮುಕ್ಕಾಲು ಗಂಟೆ ನಡಿಗೆ. ತಿಂಗಳಿಗೆ ಒಂದೇ ಕೆ.ಜಿ. ಇಳೀತಿದೆ, ಇಳೀಲಿ. ಮುಂದಿನ ಮದುವೇಲಿ ಮಾತ್ರ ಚಿಕ್ಕಮ್ಮ ಏನೇ ಅಂದ್ರೂ ಹೋಳಿಗೆ ಬಿಡಲ್ಲ :)